ಫಾಕ್ಸ್‌ಪ್ರೊ ಕಲಿತ ಹೆಣ್ಣುಮಕ್ಕಳು

ಚಿತ್ರದುರ್ಗದ ಚರಿತ್ರೆ ಎಂದರೆ ಏಳು ಸುತ್ತಿನ ಕೋಟೆ, ಮದಕರಿನಾಯಕ, ಓಬವ್ವನ ಒನಕೆ. ಹುಲ್ಲೂರು ಶ್ರೀನಿವಾಸ ಜೋಯಿಸರು ಹುಡುಕಿ ಬರೆದದ್ದು, ತ.ರಾ.ಸು. ಅವರು ಕಾದಂಬರಿಗಳಲ್ಲಿ ಕಟ್ಟಿಕೊಟ್ಟದ್ದು ಆ ಚರಿತ್ರೆಯನ್ನೇ. ಅದು ದೊಡ್ಡ ಚರಿತ್ರೆ. ನಾನು ಇಲ್ಲಿ ಹೇಳಹೊರಟಿರುವುದು ಬಹಳ ಚಿಕ್ಕದು, ಮೂವತ್ತು ಮೂವತ್ತೈದು ವರ್ಷಗಳಷ್ಟರದು. 1990ರ ದಶಕದಲ್ಲಿ ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಹುಡುಗಿಯರು ಡಿಬೇಸ್, ಫಾಕ್ಸ್‌ಪ್ರೊ ಎಂಬ ಕಂಪ್ಯೂಟರ್ ವಿದ್ಯೆ ಕಲಿತರು. ನಾನೂ ಅವರಲ್ಲಿ ಒಬ್ಬಳು. ಕಲಿತು ಕೈ ಕುದುರುವ ಹೊತ್ತಿಗೇ, "ಈ ವಿದ್ಯೆ ಹಳೆಯದಾಯಿತಂತೆ, ಇನ್ನು ಇದನ್ನು ನಂಬಿ ಬದುಕಬಹುದೇ?" ಎಂಬ ಪ್ರಶ್ನೆ ನಮ್ಮ ಬೆನ್ನು ಹತ್ತಿತು. ಆ ಪ್ರಶ್ನೆಗೆ ಆಗ ಯಾರೂ ನಿಧಾನವಾಗಿ ಕುಳಿತು ಉತ್ತರ ಹೇಳಲಿಲ್ಲ. ಈಗ ಹೇಳಬಹುದು ಎನಿಸುತ್ತದೆ.

ನಮ್ಮ ಸೀಮೆಯಲ್ಲಿ ಲೆಕ್ಕ ಬರೆಯುವವರ ಸಾಧನ ಬದಲಾದದ್ದು ಕಂಪ್ಯೂಟರಿನಿಂದಲೇ ಮೊದಲಲ್ಲ. ಹಿಂದೆ ಶಾನುಭೋಗರು ಕಡತದಲ್ಲಿ ಬರೆಯುತ್ತಿದ್ದರು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಪುಸ್ತಕ ಅದು. ಅದರ ಮೇಲೆ ಬಳಪದಲ್ಲಿ ಬರೆಯುವುದು. ಅಕ್ಷರ ಕೈಯೆತ್ತದೆ ಓಡಿಸಿದ ಮೋಡಿ. ಆಮೇಲೆ ಕಾಗದ, ಶಾಯಿ ಬಂದವು. 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯಿದೆ 1963ರ ಫೆಬ್ರವರಿಯಿಂದ ಜಾರಿಗೆ ಬಂದು, ವಂಶಪಾರಂಪರ್ಯದ ಶಾನುಭೋಗಿಕೆ ಹೋಗಿ ಸಂಬಳದ ಗ್ರಾಮಲೆಕ್ಕಿಗರು ಬಂದರು. ಮೋಡಿ ಓದುವವರು ವಿರಳರಾದರು. ಆದರೂ ಇಂದಿಗೂ ಆಸ್ತಿಯ ವ್ಯಾಜ್ಯದಲ್ಲಿ ಹಳೆಯ ಪತ್ರವೊಂದು ಪೆಟ್ಟಿಗೆಯ ತಳದಿಂದ ಹೊರಬಿದ್ದರೆ, ಮೋಡಿ ಬಲ್ಲವರನ್ನು ಹುಡುಕಿಕೊಂಡು ಹೋಗುತ್ತಾರೆ. ಹಾಗೆಂದು ಅದೊಂದನ್ನೇ ನಂಬಿ ಯಾರೂ ಮಕ್ಕಳಿಗೆ ಮೋಡಿ ಕಲಿಸುವುದಿಲ್ಲ. ಈ ಎರಡು ಮಾತನ್ನೂ ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಡತದ ಕಾಲದಲ್ಲಿ ಲೆಕ್ಕ ಗಂಡಸರ ಸ್ವತ್ತಾಗಿತ್ತು. ಹೆಣ್ಣುಮಕ್ಕಳು ಆ ಕಡೆಗೆ ಬಂದದ್ದು ಟೈಪಿಂಗ್ ಇನ್‌ಸ್ಟಿಟ್ಯೂಟುಗಳ ಬಾಗಿಲಿನಿಂದ. ಎಸ್ಸೆಸ್ಸೆಲ್ಸಿಯೋ ಪಿಯುಸಿಯೋ ಮುಗಿದ ಮೇಲೆ, ಮದುವೆ ಗೊತ್ತಾಗುವವರೆಗೆ ಮನೆಯಲ್ಲಿ ಸುಮ್ಮನೆ ಕೂರುವ ಬದಲು ಜೂನಿಯರ್, ಸೀನಿಯರ್ ಪರೀಕ್ಷೆ ಕಟ್ಟುವುದು ರೂಢಿ. ಊರಿನ ಮುಖ್ಯ ಬೀದಿಯಲ್ಲಿ ಮಹಡಿ ಮೆಟ್ಟಿಲು ಹತ್ತಿದರೆ ಹತ್ತು ಹದಿನೈದು ಯಂತ್ರಗಳ ಟಕಟಕ ಸದ್ದು. 1990ರ ಆಸುಪಾಸಿನಲ್ಲಿ ಇಂಥ ಕಡೆಗಳಲ್ಲಿಯೇ ಒಂದು ಮೂಲೆಗೆ ಗಾಜಿನ ಅಡ್ಡಗೋಡೆ ಎದ್ದಿತು. ಒಳಗೆ ಎರಡೋ ಮೂರೋ ಕಂಪ್ಯೂಟರು. ಧೂಳು ಬೀಳಬಾರದೆಂದು ಚಪ್ಪಲಿ ಹೊರಗೆ ಬಿಟ್ಟು, ದೇವರ ಮನೆಗೆ ಹೋಗುವಂತೆ ಒಳಗೆ ಹೋಗಬೇಕು. ಯಂತ್ರಕ್ಕೆ ಸೆಕೆಯಾಗಬಾರದೆಂದು ತಂಪು ಗಾಳಿ. ದುರ್ಗದ ಏಪ್ರಿಲ್ ಬಿಸಿಲಿನಲ್ಲಿ ಆ ಒಂದು ಗಂಟೆಯ ತಂಪಿಗಾಗಿಯಾದರೂ ಕ್ಲಾಸು ತಪ್ಪಿಸುತ್ತಿರಲಿಲ್ಲ.

ಡಿ.ಸಿ.ಎ. ಎಂಬ ಆ ಡಿಪ್ಲೊಮಾದಲ್ಲಿ ಡಾಸ್, ವರ್ಡ್‌ಸ್ಟಾರ್, ಲೋಟಸ್ ಮತ್ತು ಡಿಬೇಸ್ ಇರುತ್ತಿದ್ದವು. ಸ್ವಲ್ಪ ದಿನದಲ್ಲೇ ಡಿಬೇಸಿನ ಜಾಗಕ್ಕೆ ಫಾಕ್ಸ್‌ಪ್ರೊ ಬಂತು. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರುಗಳಿಂದ ಹುಡುಗಿಯರು ಬೆಳಗಿನ ಬಸ್ಸಿಗೆ ಬಂದು ಮಧ್ಯಾಹ್ನದ ಬಸ್ಸಿಗೆ ಹಿಂತಿರುಗುತ್ತಿದ್ದರು. "ಬೆಂಗಳೂರಿಗೆ ಕಳಿಸೋದಿಲ್ಲ, ದುರ್ಗಕ್ಕಾದ್ರೆ ಹೋಗಿ ಬಾ" ಎಂದು ಒಪ್ಪಿದ ಅಪ್ಪಂದಿರೇ ಹೆಚ್ಚು. ಈ ಒಂದು ಮಾತಿನಲ್ಲಿ ನಮ್ಮ ಮುಂದಿನ ಕಥೆಯ ಅರ್ಧ ಅಡಗಿತ್ತೆಂಬುದು ಆಗ ತಿಳಿಯುವ ವಯಸ್ಸಲ್ಲ.

ಈ ಡಿಬೇಸಿನ ಹುಟ್ಟೂ ಸ್ವಾರಸ್ಯವಾಗಿದೆ. ಅಮೆರಿಕದಲ್ಲಿ ಬಾಹ್ಯಾಕಾಶ ನೌಕೆಗಳ ಕೆಲಸ ನಡೆಯುವ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿದ್ದ ವೇಯ್ನ್ ರಾಟ್ಲಿಫ್ ಎಂಬಾತ, 1970ರ ದಶಕದ ಕೊನೆಗೆ, ಕಚೇರಿಯ ಗೆಳೆಯರ ಫುಟ್‌ಬಾಲ್ ಬಾಜಿಯ ಲೆಕ್ಕ ಇಡಲು ಮನೆಯಲ್ಲಿ ಕುಳಿತು ಒಂದು ಪ್ರೋಗ್ರಾಮು ಬರೆದ. ಅದನ್ನು ಆ್ಯಷ್ಟನ್-ಟೇಟ್ ಎಂಬ ಕಂಪನಿ ಡಿಬೇಸ್ ಎರಡು ಎಂಬ ಹೆಸರಿನಲ್ಲಿ ಮಾರಿತು. ಡಿಬೇಸ್ ಒಂದು ಎಂಬುದು ಮಾರುಕಟ್ಟೆಗೆ ಬರಲೇ ಇಲ್ಲ. ಎರಡು ಎಂದರೆ ಕೊಳ್ಳುವವರಿಗೆ ನಂಬಿಕೆ ಜಾಸ್ತಿ ಎಂಬ ವ್ಯಾಪಾರಿ ಬುದ್ಧಿ. 1984ರಲ್ಲಿ ಡಿಬೇಸ್ ಮೂರು ಬಂತು. ಅದೇ ಭಾಷೆಯನ್ನು ಇನ್ನೂ ವೇಗವಾಗಿ ಓಡಿಸುವುದನ್ನು ಓಹಾಯೋ ರಾಜ್ಯದ ಫಾಕ್ಸ್ ಸಾಫ್ಟ್‌ವೇರ್ ಎಂಬ ಸಣ್ಣ ಕಂಪನಿ ಸಾಧಿಸಿ, 1989ರಲ್ಲಿ ಫಾಕ್ಸ್‌ಪ್ರೊ ಹೊರತಂದಿತು. 1992ರಲ್ಲಿ ಆ ಕಂಪನಿಯನ್ನೇ ಮೈಕ್ರೊಸಾಫ್ಟ್ ಕೊಂಡುಕೊಂಡಿತು. ನಾವು ದುರ್ಗದಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದ ಹೊತ್ತಿಗೆ ನಮ್ಮ ವಿದ್ಯೆಯ ಒಡೆತನ ಹೀಗೆ ಕೈಯಿಂದ ಕೈಗೆ ದಾಟುತ್ತಿತ್ತು.

ನಮಗೆ ಅದು ಸುಲಭವಾಗಿ ಹತ್ತಿದ್ದು ಏಕೆಂದರೆ, ಅದು ಕೊನೆಗೂ ಒಂದು ಲೆಕ್ಕದ ಪುಸ್ತಕ. ಒಂದು ಸಾಲು ಒಬ್ಬ ಮನುಷ್ಯನಿಗೆ, ಒಂದು ಕಲಮು ಒಂದು ವಿವರಕ್ಕೆ. ಪುಸ್ತಕ ತೆಗೆಯಲು 'ಯೂಸ್', ಹೊಸ ಸಾಲು ಸೇರಿಸಲು 'ಅಪೆಂಡ್', ತಿದ್ದಲು 'ರಿಪ್ಲೇಸ್'. ಹೈಸ್ಕೂಲಿನ ಇಂಗ್ಲಿಷು ಇದ್ದರೆ ಸಾಕು. ಒಂದು ಸಾಲನ್ನು 'ಡಿಲೀಟ್' ಎಂದರೆ ಅದು ಒಮ್ಮೆಲೇ ಅಳಿಯುತ್ತಿರಲಿಲ್ಲ. ಗುರುತು ಬೀಳುತ್ತಿತ್ತು ಅಷ್ಟೆ. 'ಪ್ಯಾಕ್' ಎಂದು ಹೇಳುವವರೆಗೆ ಅದನ್ನು ವಾಪಸು ಕರೆಯಬಹುದು. ಸಿಟ್ಟಿನಲ್ಲಿ ಎಸೆದದ್ದನ್ನು ಸಂಜೆ ತಿಪ್ಪೆಯಿಂದ ಹೆಕ್ಕಿ ತರುವ ನಮ್ಮ ಅಜ್ಜಿಯಂದಿರ ಬುದ್ಧಿ ಅದಕ್ಕಿತ್ತು.

ಕೆಲಸ ಸಿಕ್ಕಿದ್ದು ಎಲ್ಲಿ? ಸಹಕಾರ ಸಂಘಗಳಲ್ಲಿ, ಕಾಲೇಜುಗಳ ಫೀಸಿನ ಕೌಂಟರಿನಲ್ಲಿ, ಹಿರಿಯೂರಿನ ಹೆದ್ದಾರಿಯ ಲಾರಿ ಆಫೀಸುಗಳಲ್ಲಿ, ಹೊಸದುರ್ಗದ ಕೊಬ್ಬರಿ ವ್ಯಾಪಾರಿಗಳಲ್ಲಿ, ಹೊಳಲ್ಕೆರೆ ಕಡೆಯ ಅಡಿಕೆ ವಹಿವಾಟಿನಲ್ಲಿ. ನನಗೆ ಸಿಕ್ಕಿದ್ದು ಒಂದು ಅಡಿಕೆ ಮಂಡಿ. ರೈತ ತಂದ ಚೀಲಗಳ ಪಟ್ಟಿ ಮಾಡಿಕೊಡುವ ಪ್ರೋಗ್ರಾಮು ಬರೆಯಬೇಕು. ಅಪಿ, ಬೆಟ್ಟೆ, ರಾಶಿ, ಕೆಂಪುಗೋಟು ಎಂದು ಮಾಲಿನ ಜಾತಿ, ತೂಕ, ದರ, ಅದರಲ್ಲಿ ದಲ್ಲಾಳಿ, ಹಮಾಲಿ ಕಳೆಯುವುದು, ಹಬ್ಬಕ್ಕೋ ಮಗಳ ಮದುವೆಗೋ ರೈತ ಮೊದಲೇ ಪಡೆದ ಮುಂಗಡ, ಅದರ ಬಡ್ಡಿ ಕಳೆಯುವುದು, ಉಳಿದದ್ದು ಅವನ ಕೈಗೆ. ಪುಸ್ತಕದಲ್ಲಿ ಇದನ್ನು ಬರೆಯುವ ಗುಮಾಸ್ತರು ಯಾವುದನ್ನು ಮೊದಲು ಕಳೆಯುತ್ತಾರೆ, ಅರ್ಧ ತಿಂಗಳಿಗೆ ಬಡ್ಡಿ ಹೇಗೆ ಹಿಡಿಯುತ್ತಾರೆ ಎಂಬುದು ಯಾವ ಕಾಗದದಲ್ಲೂ ಇರಲಿಲ್ಲ. ಅವರ ಪಕ್ಕ ಸ್ಟೂಲು ಹಾಕಿಕೊಂಡು ಒಂದು ತಿಂಗಳು ಕುಳಿತು ಕೇಳಿ ಕೇಳಿ ತಿಳಿದುಕೊಂಡೆ. ಪ್ರೋಗ್ರಾಮು ಬರೆಯಲು ಹತ್ತು ದಿನ ಹಿಡಿಯಿತು. ಕೇಳುವುದಕ್ಕೆ ಹಿಡಿದದ್ದು ಅದರ ಮೂರರಷ್ಟು.

ನಮ್ಮ ಜಿಲ್ಲೆಯದೇ ಆದ ಇನ್ನೊಂದು ತೊಡಕಿತ್ತು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಹೆಸರನ್ನು ಇಲ್ಲಿ ಎಷ್ಟು ಮನೆಗಳಲ್ಲಿ ಇಟ್ಟಿರುತ್ತಾರೆಂದು ನಿಮಗೆ ಗೊತ್ತು. ಒಂದೇ ಹಳ್ಳಿಯಲ್ಲಿ ಆರು ಜನ ತಿಪ್ಪೇಸ್ವಾಮಿ, ಅವರಲ್ಲಿ ಇಬ್ಬರ ತಂದೆಯ ಹೆಸರೂ ಒಂದೇ. ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬರು 'ಟಿ' ಹಾಕಿದರೆ ಇನ್ನೊಬ್ಬರು 'ಟಿ ಎಚ್' ಹಾಕುತ್ತಾರೆ. ಕಂಪ್ಯೂಟರಿಗೆ ಅವರಿಬ್ಬರೂ ಬೇರೆ ಬೇರೆ ಮನುಷ್ಯರು; ಅದೇ, ನಿಜವಾಗಿ ಬೇರೆ ಬೇರೆಯಾದ ಇಬ್ಬರು ಅದಕ್ಕೆ ಒಬ್ಬರೇ. ಒಬ್ಬನ ಮುಂಗಡ ಇನ್ನೊಬ್ಬನ ಪಟ್ಟಿಯಲ್ಲಿ ಕಳೆದುಹೋದರೆ ಮಂಡಿಯ ಮುಂದೆ ಜಗಳ. ಹೆಸರನ್ನು ನಂಬಬಾರದು, ಪ್ರತಿಯೊಬ್ಬರಿಗೂ ಊರಿನ ಸಂಕೇತ ಸೇರಿಸಿ ಒಂದು ಖಾತೆ ಸಂಖ್ಯೆ ಕೊಡಬೇಕು, ಆ ಸಂಖ್ಯೆಯನ್ನು ಇನ್ನೊಬ್ಬರಿಗೆ ಎಂದೂ ಕೊಡಬಾರದು. ದೊಡ್ಡ ಪುಸ್ತಕಗಳಲ್ಲಿ ಇದಕ್ಕೆ ದೊಡ್ಡ ಹೆಸರಿದೆ. ನಮಗೆ ಅದನ್ನು ಕಲಿಸಿದವರು ತಿಪ್ಪೇಸ್ವಾಮಿಗಳು.

ಕನ್ನಡದಲ್ಲಿಯೇ ಬರೆದರೆ ಕಾಗುಣಿತದ ಈ ಗೊಂದಲ ಅರ್ಧ ಕಡಿಮೆಯಾಗುತ್ತಿತ್ತು. ಪುಣೆಯ ಸಿ-ಡ್ಯಾಕ್ ಸಂಸ್ಥೆಯ ಜಿಸ್ಟ್ ಕಾರ್ಡು ಕಂಪ್ಯೂಟರಿನೊಳಗೆ ಕೂರಿಸಿದರೆ ಡಿಬೇಸಿನಂಥ ಪ್ರೋಗ್ರಾಮುಗಳಲ್ಲೂ ಕನ್ನಡ ಮೂಡುತ್ತಿತ್ತು. ಆದರೆ ಸಣ್ಣ ಅಂಗಡಿಯವರು ಅದಕ್ಕೆ ಬೇರೆ ದುಡ್ಡು ಹಾಕಲು ಮುಂದಾಗುತ್ತಿರಲಿಲ್ಲ. ಇನ್ನು ಕರೆಂಟಿನ ಕಾಟ. ವಿದ್ಯುತ್ತು ಹೋದ ಗಳಿಗೆಯಲ್ಲಿ ಪುಸ್ತಕ ತೆರೆದಿದ್ದರೆ ಫಾಕ್ಸ್‌ಪ್ರೊದ ಇಂಡೆಕ್ಸ್ ಕೆಡುತ್ತಿತ್ತು. ಮತ್ತೆ ಜೋಡಿಸುವವರೆಗೆ ರೈತ ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತಾ ಕೂರಬೇಕು. ದಿನದ ಕೊನೆಗೆ ಫ್ಲಾಪಿಗೆ ನಕಲು ತೆಗೆದು, ಒಂದು ಮಂಡಿಯಲ್ಲಿ, ಒಂದು ಮನೆಯಲ್ಲಿ ಇಡುವ ಅಭ್ಯಾಸ ನಮಗೆಲ್ಲ ಬಂದದ್ದು ಈ ಕಾಟದಿಂದಲೇ.

ಇಷ್ಟೆಲ್ಲ ಮಾಡಿದರೂ ನನ್ನ ನೇಮಕದ ಕಾಗದದಲ್ಲಿ ಇದ್ದ ಪದ 'ಟೈಪಿಸ್ಟ್'. ಸಂಬಳವೂ ಟೈಪಿಸ್ಟಿನದೇ. ನಾನು ಬರೆದ ಪ್ರೋಗ್ರಾಮನ್ನು ಯಜಮಾನರು ಫ್ಲಾಪಿಯಲ್ಲಿ ನಕಲು ಮಾಡಿಸಿ ಬೇರೆ ಎರಡು ಮಂಡಿಗಳಿಗೆ ಕೊಟ್ಟರು. ಅಲ್ಲಿಂದ ಬಂದ ದುಡ್ಡಿನ ಸುದ್ದಿ ನನಗೆ ತಿಳಿದದ್ದು ಗುಮಾಸ್ತರಿಂದ. ಕೇಳಿದಾಗ, "ಏನಮ್ಮ, ಒತ್ತೋ ಗುಂಡಿ ಒತ್ತಿದ್ದೀಯ, ಯಂತ್ರ ನಮ್ಮದಲ್ವ?" ಎಂದರು. ಗೆಳತಿಯರನ್ನು ವಿಚಾರಿಸಿದರೆ ಅವರಲ್ಲಿ ಕೆಲವರು 'ಆಪರೇಟರ್', ಕೆಲವರು 'ಆಫೀಸ್ ಅಸಿಸ್ಟೆಂಟ್'. ಅದೇ ಕೆಲಸ ಮಾಡುವ ಹುಡುಗ ದಾವಣಗೆರೆಯಿಂದ ಬೈಕಿನಲ್ಲಿ ಬಂದರೆ ಅವನು 'ಪ್ರೋಗ್ರಾಮರ್'. ಪದದಲ್ಲೇನಿದೆ ಎನ್ನಬೇಡಿ. ಮುಂದೆ ನಮ್ಮ ವಿದ್ಯೆ ಹಳತಾದಾಗ ಯಾರಿಗೆ ಹೊಸದನ್ನು ಕಲಿಯುವ ಅವಕಾಶ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸಿದ್ದು ಆ ಪದವೇ.

ಹಳತಾಗುವುದು ಒಂದೇ ದಿನದಲ್ಲಿ ಆಗಲಿಲ್ಲ. ಮೊದಮೊದಲು ಕೆಲಸ ಹೆಚ್ಚೇ ಆಯಿತು. 1997ರ ಆಗಸ್ಟ್ 15ರಂದು ದಾವಣಗೆರೆ ಬೇರೆ ಜಿಲ್ಲೆಯಾಗಿ, ದಾವಣಗೆರೆ, ಹರಿಹರ, ಜಗಳೂರು ನಮ್ಮಿಂದ ಹೋದಾಗ, ಜಿಲ್ಲೆಯ ಸಂಕೇತ ಇಟ್ಟುಕೊಂಡಿದ್ದ ಪಟ್ಟಿಗಳನ್ನೆಲ್ಲ ಒಡೆದು ಬರೆಯಬೇಕಾಯಿತು. ಆಮೇಲೆ 2000ದ ಇಸವಿಯ ಭಯ. ಫಾಕ್ಸ್‌ಪ್ರೊ ತಾರೀಖನ್ನು ಒಳಗೆ ಪೂರ್ತಿಯಾಗಿಯೇ ಇಟ್ಟುಕೊಳ್ಳುತ್ತಿತ್ತು. ಆದರೆ ನಾವು ವರ್ಷಕ್ಕೆ ಎರಡೇ ಅಂಕಿ ಒತ್ತುತ್ತಿದ್ದುದರಿಂದ, ಸೊನ್ನೆ ಸೊನ್ನೆ ಎಂದರೆ ಅದಕ್ಕೆ 1900. ಹೊಸ ಮುಂಗಡಕ್ಕೆ ನೂರು ವರ್ಷದ ಬಡ್ಡಿ! 'ಸೆಟ್ ಸೆಂಚುರಿ ಆನ್' ಎಂಬ ಒಂದು ಸಾಲು ಸೇರಿಸಿ, ಪರದೆಯಲ್ಲಿ ತಾರೀಖಿನ ಜಾಗ ಅಗಲ ಮಾಡಲು ಊರೂರು ತಿರುಗಿದೆವು. ಅದೇ ಹೊತ್ತಿಗೆ ಸರ್ಕಾರದ 'ಭೂಮಿ' ಯೋಜನೆ ಬಂತು. ಕೈಬರಹದ ಪಹಣಿಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಕೆಲಸ. ರಾಜ್ಯದಲ್ಲಿ 67 ಲಕ್ಷ ರೈತರ ಸುಮಾರು ಎರಡು ಕೋಟಿ ದಾಖಲೆ. ತಂತ್ರಾಂಶ ಬರೆದದ್ದು ಎನ್.ಐ.ಸಿ., ಟೈಪು ಮಾಡಿಸಿದ್ದು ಖಾಸಗಿ ಏಜೆನ್ಸಿಗಳ ಮೂಲಕ. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬರುವಂತಾಯಿತು. ಕಡತದಿಂದ ಹೊರಟ ಲೆಕ್ಕ ಅಲ್ಲಿಗೆ ಮುಟ್ಟಿತು. ಆದರೆ ಅದು ಇಡೀ ರಾಜ್ಯಕ್ಕೆ ಒಂದೇ ತಂತ್ರಾಂಶ. ಒಂದೊಂದು ಊರಿಗೆ, ಒಂದೊಂದು ಅಂಗಡಿಗೆ ಕೂತು ಹೊಲಿದುಕೊಡುವ ದರ್ಜಿಯಂಥ ನಮ್ಮ ಕಸುಬಿಗೆ ಅಲ್ಲಿ ಜಾಗವಿರಲಿಲ್ಲ.

ಅಂಗಡಿಗಳಲ್ಲಿಯೂ ಸಿದ್ಧ ಉಡುಪಿನ ಕಾಲ ಬಂತು. ಬೆಂಗಳೂರಿನದೇ ಆದ ಟ್ಯಾಲಿ ಊರೂರಿಗೆ ಹಬ್ಬಿತು. 2005ರ ಏಪ್ರಿಲ್‌ನಲ್ಲಿ ವ್ಯಾಟ್ ಬಂದಾಗ, ತೆರಿಗೆಯ ನಮೂನೆಗಳನ್ನು ತಾನೇ ಕೊಡುವ ತಂತ್ರಾಂಶವೇ ವ್ಯಾಪಾರಿಗಳಿಗೆ ಅನುಕೂಲವೆನಿಸಿತು. ಅತ್ತ ಮೈಕ್ರೊಸಾಫ್ಟ್ 1995ರಲ್ಲಿ ವಿಷುಯಲ್ ಫಾಕ್ಸ್‌ಪ್ರೊ ತಂದು, 2004ರ ಕೊನೆಗೆ ಅದರ ಒಂಬತ್ತನೆಯ ಆವೃತ್ತಿ ಬಿಟ್ಟು, 2007ರ ಮಾರ್ಚ್‌ನಲ್ಲಿ "ಇನ್ನು ಹತ್ತನೆಯದು ಇಲ್ಲ" ಎಂದು ಸಾರಿತು. 2015ರ ಜನವರಿಗೆ ಬೆಂಬಲವೂ ಮುಗಿಯಿತು. ಹೊಸ ಅರವತ್ನಾಲ್ಕು ಬಿಟ್ಟಿನ ವಿಂಡೋಸ್ ಯಂತ್ರಗಳಲ್ಲಿ ಡಾಸ್ ಕಾಲದ ಫಾಕ್ಸ್‌ಪ್ರೊ ನೇರವಾಗಿ ಓಡುವುದೇ ಇಲ್ಲ. 2017ರ ಜುಲೈನಲ್ಲಿ ಜಿ.ಎಸ್.ಟಿ. ಬಂದಾಗ ಉಳಿದ ಎಷ್ಟೋ ಹಳೆಯ ಪ್ರೋಗ್ರಾಮುಗಳ ಮೇಲೂ ಧೂಳು ಕೂತಿತು.

ಹಾಗಾದರೆ ನಮ್ಮ ಜೊತೆ ಕಲಿತವರು ಏನಾದರು? ನನಗೆ ಗೊತ್ತಿರುವಷ್ಟನ್ನು ಹೇಳುತ್ತೇನೆ. ಗಂಡನಿಗೆ ಬೆಂಗಳೂರಿಗೆ ವರ್ಗವಾಗಿ ಜೊತೆಗೆ ಹೋದ ಒಬ್ಬಳು ಅಲ್ಲಿ ಒರಾಕಲ್ ಕಲಿತು ಕಂಪನಿ ಸೇರಿದಳು. ಈಗ ದೊಡ್ಡ ಹುದ್ದೆಯಲ್ಲಿದ್ದಾಳೆ. ಅವಳಿಗಿಂತ ಚುರುಕಾಗಿದ್ದ ಹೊಸದುರ್ಗದವಳು ಅತ್ತೆ ಮಾವನ ಆರೈಕೆಗೆ ಊರಿನಲ್ಲೇ ಉಳಿದು, ಇಪ್ಪತ್ತು ವರ್ಷ ಡೇಟಾ ಎಂಟ್ರಿ ಮಾಡಿದಳು. ಒಬ್ಬಳು ಹಿರಿಯೂರಿನಲ್ಲಿ ಮಕ್ಕಳಿಗೆ ಟ್ಯಾಲಿ ಹೇಳಿಕೊಡುತ್ತಾಳೆ. ಇಬ್ಬರು ಕಂಪ್ಯೂಟರನ್ನು ಮತ್ತೆ ಮುಟ್ಟಲಿಲ್ಲ. ಎಲ್ಲರೂ ಕಲಿತದ್ದು ಒಂದೇ ವಿದ್ಯೆ. ಮುಂದಿನ ವಿದ್ಯೆ ಇದ್ದ ಊರಿಗೆ ಬಸ್ಸು ಹತ್ತಲು ಸಾಧ್ಯವಾದವರ ಪಾಲಿಗೆ ಅದು ಮೆಟ್ಟಿಲಾಯಿತು, ಆಗದವರಿಗೆ ಗೋಡೆಯಾಯಿತು. ವಿದ್ಯೆ ಹಳತಾಯಿತು ಎಂದು ತಂತ್ರಜ್ಞಾನದ ಮೇಲೆ ತಪ್ಪು ಹೊರಿಸುವವರು ಇದನ್ನು ಗಮನಿಸಬೇಕು.

ಹಳೆಯ ವಿದ್ಯೆಗೆ ಎಂದಾದರೂ ಮತ್ತೆ ಬೆಲೆ ಬರುತ್ತದೆ ಎಂಬ ಆಸೆಯ ಮಾತನ್ನೂ ಕೇಳಿದ್ದೇನೆ. ಗ್ರೇಸ್ ಹಾಪರ್ ಎಂಬ ಮಹಿಳೆಯ ಕೆಲಸದ ಬುನಾದಿಯ ಮೇಲೆ 1959ರಲ್ಲಿ ರೂಪುಗೊಂಡ ಕೋಬಾಲ್ ಭಾಷೆ ಅದಕ್ಕೆ ಉದಾಹರಣೆ. 2020ರ ಏಪ್ರಿಲ್‌ನಲ್ಲಿ, ಕೊರೋನಾ ಕಾಲದ ನಿರುದ್ಯೋಗ ಭತ್ಯೆಯ ಅರ್ಜಿಗಳ ಭಾರಕ್ಕೆ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಹಳೆಯ ಕಂಪ್ಯೂಟರುಗಳು ಕುಸಿಯತೊಡಗಿದಾಗ, ಅಲ್ಲಿನ ಗವರ್ನರು ಕೋಬಾಲ್ ಬಲ್ಲವರು ಬೇಕೆಂದು ಬಹಿರಂಗವಾಗಿ ಕೇಳಿಕೊಂಡರು. ಆದರೆ ಅವರು ಕರೆದದ್ದು ಸ್ವಯಂಸೇವಕರನ್ನು ಎಂಬುದನ್ನು ಮರೆಯಬಾರದು. ಮಾರಿಕಣಿವೆ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ. ಆ ಕೋಡಿಯನ್ನು ನಂಬಿ ಹಿರಿಯೂರಿನ ರೈತ ಬಿತ್ತನೆ ಮಾಡುವುದಿಲ್ಲ.

ನಿಜವಾಗಿ ಇರುವ ಕೆಲಸ ಬೇರೆ. ಅದು ಮೋಡಿ ಓದುವವರ ಕೆಲಸದಂಥದು: ಹಳೆಯದನ್ನು ಓದಿ ಹೊಸದಕ್ಕೆ ದಾಟಿಸುವುದು. ಇಪ್ಪತ್ತೈದು ವರ್ಷದ ಫಾಕ್ಸ್‌ಪ್ರೊ ಫೈಲುಗಳನ್ನು ಇಟ್ಟುಕೊಂಡ ಸಂಘವೋ ಶಾಲೆಯೋ ಹೊಸ ತಂತ್ರಾಂಶಕ್ಕೆ ಹೋಗುವಾಗ, ಈ ಕಲಮು ಏನು, ಈ ಸಂಕೇತ ಯಾವ ಊರಿನದು, 1997ಕ್ಕೆ ಮೊದಲಿನ ಸಾಲುಗಳು ಏಕೆ ಬೇರೆಯಾಗಿವೆ ಎಂದು ಹೇಳುವವರು ಬೇಕು. 2022ರಲ್ಲಿ ಕೇಂದ್ರ ಸರ್ಕಾರ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಇಂಥ ಕಡೆ ಹಳೆಯ ಲೆಕ್ಕ ಹೊಸ ಪುಸ್ತಕಕ್ಕೆ ತಪ್ಪಿಲ್ಲದೆ ಏರುವುದೇ ಕಷ್ಟದ ಕೆಲಸ. ಆದರೆ ಒಂದು ಸಲ ದಾಟಿಸಿದ ಮೇಲೆ ಆ ಕೆಲಸ ಮುಗಿಯಿತು. ನಿವೃತ್ತಿಯ ಹತ್ತಿರ ಇರುವವರಿಗೆ ಅದು ಸಾಕು. ಇಪ್ಪತ್ತರ ಹುಡುಗಿಗೆ ಅದು ಜೀವನವಲ್ಲ.

ನಮ್ಮಣ್ಣನ ಮಗಳು ಹೋದ ವರ್ಷ ಕೇಳಿದಳು: "ಅತ್ತೆ, ಈಗ ಪ್ರೋಗ್ರಾಮು ಬರೆಯೋದನ್ನೂ ಯಂತ್ರನೇ ಮಾಡುತ್ತೆ. ನಾನು ಕಲಿತದ್ದೂ ನಿಮ್ಮ ಫಾಕ್ಸ್‌ಪ್ರೊ ಥರಾನೇ ಆಗುತ್ತಾ?" ಆಗುತ್ತದೆ ಎಂದೇ ಹೇಳಿದೆ. ಜೊತೆಗೆ ಇನ್ನೊಂದು ವಿಷಯ ಹೇಳಿದೆ. 1991ರ ಫಾಕ್ಸ್‌ಪ್ರೊ 2ರಲ್ಲಿ 'ಸೆಲೆಕ್ಟ್' ಎಂಬ ಹೊಸ ಆಜ್ಞೆ ಸೇರಿತ್ತು. ಅದು ಫಾಕ್ಸ್‌ಪ್ರೊದ ಸ್ವಂತದ್ದಲ್ಲ. 1970ರ ದಶಕದಲ್ಲಿ ಐ.ಬಿ.ಎಂ.ನಲ್ಲಿ ಹುಟ್ಟಿದ ಎಸ್.ಕ್ಯು.ಎಲ್. ಎಂಬ ಭಾಷೆಯದು. ನಮ್ಮಲ್ಲಿ ಬಹಳ ಮಂದಿ ಅದನ್ನು ಪರೀಕ್ಷೆಗೆ ಬರುವುದಿಲ್ಲವೆಂದು ಬಿಟ್ಟರು. ಬಿಡದೆ ಕಲಿತವರಿಗೆ ಮುಂದೆ ಒರಾಕಲ್ ಆಗಲಿ ಇನ್ನೊಂದಾಗಲಿ ಅಪರಿಚಿತವೆನಿಸಲಿಲ್ಲ, ಯಾಕೆಂದರೆ ಆ ಭಾಷೆ ಇಂದಿಗೂ ಎಲ್ಲ ಕಡೆ ನಡೆಯುತ್ತಿದೆ. ಕಲಿಯುವ ಸಾಧನದಲ್ಲಿ ಕಂಪನಿಯ ಸ್ವಂತದ್ದು ಯಾವುದು, ಎಲ್ಲರಿಗೂ ಸೇರಿದ್ದು ಯಾವುದು ಎಂದು ಕೇಳಿಕೊಳ್ಳಬೇಕು. ಎಲ್ಲರಿಗೂ ಸೇರಿದ್ದನ್ನು ಬಿಗಿಯಾಗಿ ಹಿಡಿಯಬೇಕು.

ಗುಮಾಸ್ತರ ಪಕ್ಕದ ಸ್ಟೂಲಿನ ಮೇಲೆ ಕುಳಿತು ಕಲಿತದ್ದೂ ಹಾಗೆಯೇ ಉಳಿಯಿತು. ಮುಂಗಡದ ಬಡ್ಡಿ ಯಾವಾಗ ಕಳೆಯಬೇಕು, ಆರು ತಿಪ್ಪೇಸ್ವಾಮಿಗಳನ್ನು ಹೇಗೆ ಬೇರೆ ಮಾಡಬೇಕು ಎಂಬುದನ್ನು ಯಾವ ಕಂಪನಿಯೂ ನಿಲ್ಲಿಸಿದ್ದೇನೆಂದು ಸಾರಲಾರದು. ಟ್ಯಾಲಿ ಬಂದಾಗ ಅದನ್ನು ಮಂಡಿಗೆ ಹೊಂದಿಸಲು ನನ್ನನ್ನೇ ಕರೆದರು, ಜಿ.ಎಸ್.ಟಿ. ಬಂದಾಗಲೂ ಕರೆದರು. ಆ ವೇಳೆಗೆ ನಾನು ದಿನಕ್ಕಿಷ್ಟು ಎಂದು ಮೊದಲೇ ಹೇಳಿ, ಕಾಗದದಲ್ಲಿ ಬರೆಸಿಕೊಂಡೇ ಹೋಗುತ್ತಿದ್ದೆ.

ನಿಮ್ಮ ಮನೆಯಲ್ಲಿ ಕಂಪ್ಯೂಟರು ಕಲಿತು ಕೆಲಸಕ್ಕೆ ಹೊರಟ ಹುಡುಗಿ ಇದ್ದರೆ, ಅವಳ ಮೊದಲ ನೇಮಕದ ಕಾಗದವನ್ನು ಒಮ್ಮೆ ಓದಿ ನೋಡಿ. ಸಂಬಳದ ಅಂಕಿಗಿಂತ ಮೊದಲು ಅವಳ ಹುದ್ದೆಯ ಹೆಸರು ಏನು ಬರೆದಿದ್ದಾರೆ ಎಂಬುದನ್ನು ನೋಡಿ. ಅವಳು ಪ್ರೋಗ್ರಾಮು ಬರೆಯುವವಳಾದರೆ ಅಲ್ಲಿ ಪ್ರೋಗ್ರಾಮರ್ ಎಂದೇ ಇರಬೇಕು. ಇಲ್ಲದಿದ್ದರೆ ತಿದ್ದಿಸಿ, ಆಮೇಲೆ ಸಹಿ ಹಾಕಲಿ.